ಮುಳ್ಳಗಲ್‌ಗೆ ಬಸ್ ಬಂತೆಂಬ ಸುದ್ದಿ

ರಾಯಚೂರು
3 ಜನವರಿ 2025

ಮಾನ್ಯ ವೆಂಕೋಬ ಅವರಿಗೆ,

ನಮಸ್ಕಾರ. ನಾನು ಮೇಘಾ, ‘ನಡುಹೊಳೆ’ ದಿನಪತ್ರಿಕೆಯಲ್ಲಿ ಎರಡು ವರ್ಷದಿಂದ ಉಪಸಂಪಾದಕಿ. ನಿಮ್ಮನ್ನು ಫೋನಿನಲ್ಲಿ ಹಿಡಿಯಲು ಬಹಳ ನೋಡಿದೆ. ಪ್ರತಿ ಸಲವೂ ನಿಮ್ಮ ಮಗಳು ಎತ್ತಿಕೊಂಡು, “ಅಪ್ಪಗ ಫೋನಿನ್ಯಾಗ ಕೇಳ್ಸೂದಿಲ್ರೀ, ಏನಿದ್ರೂ ಬರದು ಕಳಸ್ರಿ, ಓದತಾನ” ಎಂದರು. ಹಾಗಾಗಿ ಈ ಕಾಗದ. ಕಾಲೇಜು ಬಿಟ್ಟ ಮೇಲೆ ಕೈಯಿಂದ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಅಕ್ಷರ ಸಹಿಸಿಕೊಳ್ಳಿ.

ಈ ತಿಂಗಳ ಕೊನೆಗೆ ಪತ್ರಿಕೆಗೆ ಮೂವತ್ತೈದು ತುಂಬುತ್ತದೆ. ವಿಶೇಷ ಸಂಚಿಕೆಯಲ್ಲಿ ನನಗೂ ಒಂದು ಪುಟ ಕೊಟ್ಟಿದ್ದಾರೆ. ಹಳೆಯ ತಲೆಬರಹಗಳನ್ನು ತೆಗೆದು, ಆಮೇಲೆ ಏನಾಯಿತು ಎಂದು ಬರೆಯಬೇಕೆಂದು ನನ್ನ ಆಸೆ. ಸುದ್ದಿ ಮಾರನೇ ದಿನ ಮಿರ್ಚಿ ಕಟ್ಟುವ ಕಾಗದವಾಗುತ್ತದೆ, ಸರಿ. ಆದರೆ ಸುದ್ದಿಯಲ್ಲಿದ್ದವರು ಏನಾದರು? ಹಳೆಯ ಸಂಪುಟ ತಿರುವುತ್ತ ಕುಳಿತರೆ ನಗು ಬರುವ ತಲೆಬರಹಗಳಲ್ಲಿ ಹೆಚ್ಚಿನವು ಮಾನ್ವಿ ತಾಲೂಕಿನವು. ಎಲ್ಲದರ ಕೆಳಗೂ ಬಾತ್ಮಿದಾರ ವೆಂಕೋಬ ಎಂದಿದೆ. ಈ ನಾಲ್ಕನ್ನು ಆರಿಸಿದ್ದೇನೆ:

‘ಪೋತ್ನಾಳದಲ್ಲಿ ಚಿರತೆ ಪ್ರತ್ಯಕ್ಷ: ಸಂಜೆಯಾದರೆ ಹೊರಬಾರದ ಜನ’
‘ತೋರಣಗುಡ್ಡ ಪ್ರೌಢಶಾಲೆಗೆ ನೂರಕ್ಕೆ ನೂರು ಫಲಿತಾಂಶ’
‘ಹಿರೇಕೊಟ್ನೆಕಲ್‌ನ ಕೊಡುಗೈ ದಾನಿ ವೆಂಕಣ್ಣ ನಿಧನ’
‘ಮುಳ್ಳಗಲ್‌ಗೆ ಬಂತು ಬಸ್: ಊರಿಗೆ ಊರೇ ಹಬ್ಬ’

ಇವುಗಳ ಮುಂದಿನ ಕಥೆ ನಿಮಗೆ ನೆನಪಿದ್ದರೆ ಬರೆದು ಕಳಿಸಿ. ನಮ್ಮ ಸಂಪಾದಕರು ಸಮೀಉಲ್ಲಾ ಸಾಹೇಬರು ನಿಮ್ಮ ಹೆಸರು ಕೇಳಿದ ಕೂಡಲೇ ನಕ್ಕರು. “ಬರಿ, ಬರಿ. ಆದ್ರ ಅಂವ ಎಷ್ಟು ಹೇಳ್ತಾನೋ ಅಷ್ಟ ಹಾಕು” ಎಂದರು.

ಇಂತಿ,
ಮೇಘಾ


ದೇವದುರ್ಗ
9 ಜನವರಿ 2025

ಕುಮಾರಿ ಮೇಘಾ ಅವರಿಗೆ,

ವೆಂಕೋಬನ ನಮಸ್ಕಾರ. ಪತ್ರಿಕೆಯವರು ನನ್ನನ್ನು ಏನಾದರೂ ಕೇಳಿ ಬಹಳ ವರ್ಷವಾಯಿತು. ನಿಮ್ಮ ಲಕೋಟೆ ನೋಡಿ ಮಗಳು ಕೋರ್ಟಿನ ನೋಟಿಸು ಅಂದುಕೊಂಡು, ಒಡೆಯಲು ಹೆದರಿ ದೇವರ ಮುಂದೆ ಇಟ್ಟಿದ್ದಳು. ಕುಂಕುಮ ಹತ್ತಿದ ಕಾಗದವನ್ನೇ ಓದಿದೆ.

ಈಗಿನವರಿಗೆ ಒಂದು ಸಂಗತಿ ಮೊದಲು ಹೇಳಬೇಕು. ನಮ್ಮ ಕಾಲದಲ್ಲಿ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಬರೆದು, ಖಾಕಿ ಕವರಿಗೆ ಹಾಕಿ, ಮಾನ್ವಿ ನಿಲ್ದಾಣದಲ್ಲಿ ನಾಲ್ಕೂವರೆಯ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ರಾಯಚೂರಿನಲ್ಲಿ ಪತ್ರಿಕೆಯವರು ಇಳಿಸಿಕೊಳ್ಳುತ್ತಿದ್ದರು. ಆ ಬಸ್ ತಪ್ಪಿತೋ, ಸುದ್ದಿ ಹಳಸಿದ ಅನ್ನ. ಆದರೆ ಊರಿನ ಕಾರ್ಯಕ್ರಮಗಳೆಲ್ಲ ಸಂಜೆ ಆರಕ್ಕೆ. ಆರಕ್ಕೆ ಅಂದರೆ ಎಂಟಕ್ಕೆ ಎಂದು ನಿಮಗೂ ಗೊತ್ತಿರಬೇಕು. ಹಾಗಾಗಿ ಸಂಜೆ ನಡೆಯುವುದನ್ನು ನಡೆದೇಹೋದಂತೆ ಮಧ್ಯಾಹ್ನ ಬರೆದು ಬಸ್ಸಿಗೆ ಹಾಕುವುದು. ಅಧ್ಯಕ್ಷರು ಏನು ಮಾತಾಡುತ್ತಾರೆಂಬ ಚಿಂತೆ ಇರಲಿಲ್ಲ, ಹೋದ ವರ್ಷ ಮಾತಾಡಿದ್ದನ್ನೇ ಮಾತಾಡುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ತಾಲೂಕು ಬಾತ್ಮಿದಾರರೆಲ್ಲ ಆಗ ಕುಲಾವಿ ಹೊಲಿಯುವವರೇ. ಬಹಳ ಸಲ ಕೂಸು ಹುಟ್ಟುತ್ತಿತ್ತು. ಹುಟ್ಟದ ಸಲದ್ದನ್ನೇ ನೀವು ಆರಿಸಿ ತೆಗೆದಿದ್ದೀರಿ, ಕಣ್ಣು ಚುರುಕಿದೆ.

ಚಿರತೆಯನ್ನು ನೋಡಿದವರು ಮೂವರು. ಮೂವರೂ ಸೇಂದಿ ಅಂಗಡಿಯಿಂದ ಬರುತ್ತಿದ್ದವರು. ಅವರು ಹೇಳಿದರು, ನಾನು ಬರೆದೆ. ಸುದ್ದಿ ಬಂದ ದಿನದಿಂದ ಪೋತ್ನಾಳದ ಗಂಡಸರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರತೊಡಗಿದರು, ಸೇಂದಿ ಅಂಗಡಿಯವನು ನೊಣ ಹೊಡೆಯುತ್ತ ಕುಳಿತ. ಸಂತೆಯಲ್ಲಿ ಹೀರಾಬಿ ಎಂಬಾಕೆ ನನ್ನನ್ನು ತಡೆದು ನಿಲ್ಲಿಸಿ, “ಯಣ್ಣಾ, ಚಿರತಿ ಹೋತು ಅಂತ ಮಾತ್ರ ಬರೀಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ” ಎಂದಳು. ಬರೆಯಲಿಲ್ಲ. ಪತ್ರಿಕೆಯ ಪ್ರಕಾರ ಆ ಚಿರತೆ ಇವತ್ತಿಗೂ ಪೋತ್ನಾಳದಲ್ಲೇ ಇದೆ.

ತೋರಣಗುಡ್ಡದ ಫಲಿತಾಂಶ ಮಧ್ಯಾಹ್ನ ಮೂರಕ್ಕೆ ಬರಬೇಕಿತ್ತು, ನಾಲ್ಕಾದರೂ ಬರಲಿಲ್ಲ. ಹೆಡ್‌ಮಾಸ್ತರು “ನೂರಕ್ಕ ನೂರ, ಬರ್ಕೊಳ್ರಿ” ಎಂದು ಎದೆ ತಟ್ಟಿದರು. ಸಂಜೆ ನೋಡಿದರೆ ಯಲ್ಲಾಲಿಂಗ ಎಂಬ ಹುಡುಗ ಗಣಿತದಲ್ಲಿ ಬಿದ್ದಿದ್ದಾನೆ. ಮಾರನೇ ದಿನ ಪೇಪರಿನಲ್ಲಿ ನೂರಕ್ಕೆ ನೂರು. ಈಗ ಪೇಪರಿನ ಮಾನ ಉಳಿಸುವ ಹೊಣೆ ಊರಿನ ಮೇಲೆ ಬಿತ್ತು. ಹೊಟೇಲಿಗೆ ಹೋದರೆ ಚಹಾ ಕೊಡುವ ಮೊದಲು ಅವನನ್ನು ಮಗ್ಗಿ ಕೇಳುತ್ತಿದ್ದರು. ಕ್ಷೌರಕ್ಕೆ ಕುಳಿತರೆ ಬಡ್ಡಿ ಲೆಕ್ಕ. ಅಕ್ಟೋಬರಿನಲ್ಲಿ ಪಾಸಾದ. ಈಗ ಅವನೇ ಗಣಿತದ ಮಾಸ್ತರ, ನನ್ನನ್ನು ಕಂಡರೆ ಇನ್ನೂ ಓಣಿ ಬದಲಿಸುತ್ತಾನೆ.

ವೆಂಕಣ್ಣನ ವಿಷಯ ಹೇಳಿದರೆ ನಂಬಲಿಕ್ಕಿಲ್ಲ. ಅವರು ಎಂಜಲುಗೈಯಲ್ಲಿ ಕಾಗೆ ಓಡಿಸದ ಮನುಷ್ಯ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ಕೈ ಚೆಲ್ಲಿದರು, ಬಸ್ಸಿನ ಹೊತ್ತಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದೆಂದು ‘ಕೊಡುಗೈ ದಾನಿ’ ಎಂದು ಸೇರಿಸಿದೆ. ಮಾರನೇ ಬೆಳಿಗ್ಗೆ ವೆಂಕಣ್ಣ ಮಂಚದ ಮೇಲೆ ಎದ್ದು ಕುಳಿತು, ಗಂಜಿ ಕುಡಿಯುತ್ತ ತಮ್ಮ ಸಾವಿನ ಸುದ್ದಿ ಓದಿಸಿಕೊಂಡರಂತೆ. ಎರಡು ಸಲ. ಬೈಯಲು ಬರುತ್ತಾರೆಂದು ನಾನು ಅಡಗಿ ಕುಳಿತಿದ್ದರೆ ಅವರು ಮನೆಗೆ ಬಂದು, “ಬರದಿದ್ದೇನೋ ಬರದೀ. ಇನ್ನ ಅದರಂಗ ನಡೀಬೇಕಲ್ಲಪಾ” ಎಂದರು. ಊರಿನ ಶಾಲೆಗೆ ಎರಡು ಕೋಣೆ ಕಟ್ಟಿಸಿದರು. ಎಷ್ಟೋ ವರ್ಷದ ಮೇಲೆ ನಿಜವಾಗಿಯೂ ತೀರಿಕೊಂಡಾಗ ನಾನು ಬರೆಯಲಿಲ್ಲ. ಒಮ್ಮೆ ಹಾಕಿದ ಸುದ್ದಿಯನ್ನು ಎರಡನೇ ಸಲ ಹಾಕುವ ಪದ್ಧತಿ ಇಲ್ಲ.

ಕಾಗದ ಮುಗಿಯಿತು. ಇದನ್ನು ದೇವದುರ್ಗದ ಬಸ್ಸಿಗೆ ಹಾಕುತ್ತಿದ್ದೇನೆ, ಸಂಜೆಗೆ ನಿಲ್ದಾಣದಲ್ಲಿ ಇಳಿಸಿಕೊಳ್ಳಿ. ಅಂಚೆಯ ಮೇಲೆ ನನಗೆ ಈಗಲೂ ಅಷ್ಟು ನಂಬಿಕೆಯಿಲ್ಲ.

ವೆಂಕೋಬ


ರಾಯಚೂರು
13 ಜನವರಿ 2025

ವೆಂಕೋಬ ಕಾಕಾ,

ಕಾಕಾ ಎನ್ನಬಹುದಲ್ಲವೇ? ನಿಮ್ಮ ಕಾಗದವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯಿತು. ಸಮೀಉಲ್ಲಾ ಸಾಹೇಬರು ಕಣ್ಣೊರೆಸಿಕೊಂಡು, ‘ಕೊಡುಗೈ ದಾನಿ’ಯನ್ನು ತಲೆಬರಹಕ್ಕೆ ಎತ್ತಿದ್ದು ತಾವೇ ಎಂದು ಪಾಲು ಕೇಳಿದರು.

ಆದರೆ ನಾಲ್ಕು ಕೇಳಿದರೆ ಮೂರೇ ಕೊಟ್ಟಿದ್ದೀರಿ. ಮುಳ್ಳಗಲ್ ಎಲ್ಲಿ? 1998ರ ಆ ಸುದ್ದಿ ಬಹಳ ಚೆನ್ನಾಗಿದೆ: ಹಲಗೆ ಬಾರಿಸಿದರು, ಹೆಂಗಸರು ಬಸ್ಸಿಗೆ ಆರತಿ ಎತ್ತಿದರು, ದುರುಗಮ್ಮ ಎಂಬಾಕೆ ಮೊದಲ ಟಿಕೇಟು ಪಡೆದಳು. ಒಂದೇ ತೊಂದರೆ. ಅದಾದ ವಾರಕ್ಕೆ ವಾಚಕರ ವಾಣಿಯಲ್ಲಿ ಒಬ್ಬರು, ಅಂದು ನಮ್ಮೂರಿಗೆ ಬಸ್ ಬಂದೇ ಇಲ್ಲ ಎಂದು ಬರೆದಿದ್ದಾರೆ. ಇದೂ ಕುಲಾವಿಯೇ ತಾನೆ? ಪುಟಕ್ಕೆ ಇದೇ ಕಿರೀಟ. ಬೇಗ ಬರೆಯಿರಿ.

ನಿಮ್ಮ,
ಮೇಘಾ


ದೇವದುರ್ಗ
18 ಜನವರಿ 2025

ತಂಗಿ ಮೇಘಾ,

ಕಾಕಾ ಅಂದ ಮೇಲೆ ನೀನು ಎನ್ನುವುದೇ ಸರಿ. ಸಂಕ್ರಮಣಕ್ಕೆ ಮಗಳು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಿದ್ದಾಳೆ. ಇದರ ಜೊತೆಗೆ ಒಂದು ಗಂಟು ಕಳಿಸಿದ್ದೇನೆ, ಡ್ರೈವರ್ ಒಂದೆರಡು ತಿಂದಿದ್ದರೆ ಬೇಜಾರು ಬೇಡ.

ಮುಳ್ಳಗಲ್ ಸುದ್ದಿ ಬಿಡು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಬೇಕಾದರೆ ‘ಕುರಿ ಸಂತೆಯಲ್ಲಿ ಕಳೆದ ಮದುಮಗ’ ಎಂಬುದನ್ನು ಹುಡುಕು, ಅದರ ಕಥೆ ಹೇಳುತ್ತೇನೆ. ಬೆನ್ನು ನೋಯುತ್ತಿದೆ, ಹೆಚ್ಚು ಬರೆಯಲಾರೆ.

ವೆಂಕೋಬ


ರಾಯಚೂರು
22 ಜನವರಿ 2025

ವೆಂಕೋಬ ಕಾಕಾ,

ರೊಟ್ಟಿ ಗರಿಗರಿಯಾಗಿಯೇ ಮುಟ್ಟಿದವು. ತಿನ್ನುತ್ತಲೇ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆ.

ಸತ್ತವರನ್ನು ಬದುಕಿಸಿದ್ದು ಹೇಳಿದಿರಿ, ಇಲ್ಲದ ಚಿರತೆ ಹೇಳಿದಿರಿ. ಒಂದು ಬಸ್ಸಿನ ವಿಷಯ ಕೇಳಿದರೆ ಬೆನ್ನುನೋವು ಬಂತು! ನನಗೆ ಅರ್ಥವಾಗುತ್ತದೆ ಕಾಕಾ. ಉಳಿದವು ಆಕಸ್ಮಿಕ, ಅದೊಂದರಲ್ಲಿ ಬಡವರಿಗೆ ಆಸೆ ತೋರಿಸಿದ ಹಾಗಾಯಿತು ಎಂದು ನಿಮಗೆ ನಾಚಿಕೆ ಇರಬೇಕು. ಪತ್ರಿಕೆಗೆ ವಯಸ್ಸಾಗಿದೆ, ತನ್ನ ತಪ್ಪಿಗೆ ತಾನೇ ನಗುವ ಧೈರ್ಯ ಅದಕ್ಕಿರಬೇಕು. ನೀವು ಬರೆಯದಿದ್ದರೆ ವಾಚಕರ ವಾಣಿಯ ಕಾಗದ ಇಟ್ಟುಕೊಂಡು ನಾನೇ ಬರೆಯುತ್ತೇನೆ. ತಲೆಬರಹವೂ ಹೊಳೆದಿದೆ: ‘ಬಸ್ ಬರಲಿಲ್ಲ, ಸುದ್ದಿ ಬಂತು!’

ಪುಟ 28ಕ್ಕೆ ಮುಗಿಯುತ್ತದೆ, ಸಂಚಿಕೆ 30ಕ್ಕೆ. ಸಮೀಉಲ್ಲಾ ಸಾಹೇಬರು ಮಗಳ ಬಾಣಂತನಕ್ಕೆಂದು ಕಲಬುರಗಿಗೆ ಹೋಗಿದ್ದಾರೆ, ಪುಟವನ್ನು ಪೂರ್ತಿ ನನಗೇ ಬಿಟ್ಟಿದ್ದಾರೆ. ಏನಾದರೂ ಹೇಳುವುದಿದ್ದರೆ ಅಷ್ಟರೊಳಗೆ ಹೇಳಿ.

ಮೇಘಾ


ದೇವದುರ್ಗ
24 ಜನವರಿ 2025

ತಂಗಿ ಮೇಘಾ,

ಇದನ್ನು ಓದಿ ಮುಗಿಸುವ ತನಕ ಆ ಪುಟ ಕಟ್ಟಬೇಡ. ಮಗಳು ಫೋನಿನ ಸಮೇತ ಪರವೂರಿಗೆ ಹೋಗಿದ್ದಾಳೆ, ಇಲ್ಲದಿದ್ದರೆ ಅವಳಿಂದಲೇ ಹೇಳಿಸುತ್ತಿದ್ದೆ.

ಮುಳ್ಳಗಲ್ ಚೀಕಲಪರ್ವಿಯಿಂದಾಚೆ ಹೊಳೆ ದಂಡೆಯ ಸಣ್ಣ ಊರು. ಕೂಲಿ ಮಾಡುವವರೇ ಹೆಚ್ಚು. ಮಾನ್ವಿಯ ಬಸ್ ಸಿಗಬೇಕಾದರೆ ಚೀಕಲಪರ್ವಿಯ ತನಕ ನಡೆಯಬೇಕಿತ್ತು. ಅಲ್ಲಿಯ ದುರುಗಮ್ಮ ಬಸ್ಸಿಗಾಗಿ ಅರ್ಜಿ ಹಿಡಿದು ಅಲೆಯದ ಕಚೇರಿ ಇಲ್ಲ. ಕೊನೆಗೆ ಒಂದು ದಿನ ಸಂಜೆ ಆರಕ್ಕೆ ದೊಡ್ಡ ಅಧಿಕಾರಿ ಬಂದು ಹಸಿರು ಬಾವುಟ ತೋರಿಸುತ್ತಾರೆಂದು ಗೊತ್ತಾಯಿತು. ನಾನು ಮಧ್ಯಾಹ್ನವೇ ಬರೆದು ಬಸ್ಸಿಗೆ ಹಾಕಿದೆ. ಅಧಿಕಾರಿ ಬರಲಿಲ್ಲ, ಬಸ್ಸೂ ಬರಲಿಲ್ಲ. ಊರವರು ಹಲಗೆ ಕಾಯಿಸಿಕೊಂಡು ಕುಳಿತವರು ಹಾಗೇ ಎದ್ದು ಹೋದರು. ಅಷ್ಟು ನಿನಗೆ ಗೊತ್ತು.

ಆಮೇಲಿನದು ಕೇಳು. ಮಾರನೇ ದಿನ ಯಾರೋ ದುರುಗಮ್ಮನಿಗೆ ಪೇಪರ್ ಓದಿ ಹೇಳಿದರು. ತಾನು ಬಸ್ ಹತ್ತಿದ್ದು ಕೇಳಿ ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಪೇಪರನ್ನು ಸೆರಗಿಗೆ ಕಟ್ಟಿಕೊಂಡು ಹೆಂಗಸರ ಗುಂಪಿನೊಡನೆ ಸಾರಿಗೆಯವರ ಮುಂದೆ ಹೋಗಿ ಕುಳಿತಳು. “ನಾ ನಿನ್ನಿ ಬಸ್ ಹತ್ತೀನಿ ಅಂತ ಅಚ್ಚಾಗ್ಯದ. ಇಳಿಯೂದು ಎಲ್ಲಿ ಅಂತ ಕೇಳಾಕ ಬಂದೀನಿ. ಎಲ್ಲ್ಯಾದ ನನ್ನ ಬಸ್ಸು?” ಅಂದಳು. ಅಲ್ಲಿದ್ದವರಿಗೆ ಬೆವರಿಳಿಯಿತು. ಮೇಲಿನವರು ಪೇಪರ್ ಓದಿ, ಬಸ್ ಓಡುತ್ತಿದೆಯೇ ಎಂದು ಕೇಳಿದರೆ ಏನು ಹೇಳುವುದು? ಆದೇಶ ಹಿಂದಿನಿಂದ ಬರುತ್ತದೆ ಅಂದುಕೊಂಡು ಒಂದು ಹಳೆಯ ಬಸ್ ಕಳಿಸಿಬಿಟ್ಟರು. ಮೇಲಿನವರು ಬಸ್ ಓಡುವುದನ್ನು ನೋಡಿ ಆದೇಶ ಆಗಿರಬೇಕು ಅಂದುಕೊಂಡರು. ಹೀಗೆ ಒಬ್ಬರನ್ನೊಬ್ಬರು ನಂಬಿ ಇಪ್ಪತ್ತೇಳು ವರ್ಷ ಬಸ್ ಓಡಿದೆ, ಕಾಗದದ ಮೇಲೆ ಅದು ಇಲ್ಲ.

ಈಗ ಸಾರಿಗೆಯವರು ಎಲ್ಲ ಮಾರ್ಗಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಮುಳ್ಳಗಲ್‌ನ ಆದೇಶ ಎಲ್ಲಿ ಎಂದು ಕೇಳಿದ್ದಾರೆ. ದುರುಗಮ್ಮ ತನ್ನ ಹತ್ತಿರ ಇದ್ದ ಪೇಪರಿನ ತುಣುಕು ಕೊಟ್ಟಿದ್ದಾಳೆ, ಅದನ್ನೇ ಆಧಾರ ಮಾಡಿಕೊಂಡು ಹೇಗೋ ಸರಿಮಾಡೋಣ ಎಂದು ಅವರೂ ಅಂದಿದ್ದಾರೆ. ಈ ಹೊತ್ತಿನಲ್ಲಿ ನೀನು ಆ ಸುದ್ದಿ ಸುಳ್ಳು ಎಂದು ಬರೆದರೆ ಬಸ್ಸು ಹೋಯಿತು. ದುರುಗಮ್ಮನ ಮೊಮ್ಮಗಳು ರಾಧಾ ಅದೇ ಬಸ್ಸಿನಲ್ಲಿ ಮಾನ್ವಿ ಕಾಲೇಜಿಗೆ ಹೋಗುತ್ತಾಳೆ, ಮಾರ್ಚಿಗೆ ದ್ವಿತೀಯ ಪಿಯುಸಿ ಪರೀಕ್ಷೆ. ಅವಳಂಥ ಹುಡುಗಿಯರು ಇನ್ನೂ ಇದ್ದಾರೆ. ನಾನು ಸುಮ್ಮನಿದ್ದದ್ದು ಇದಕ್ಕೆ. ನಾಚಿಕೆ ಬಾತ್ಮಿದಾರನಿಗೆ ಎಲ್ಲಿಂದ ಬರಬೇಕು?

ಕೈಮುಗಿದು ಕೇಳುತ್ತೇನೆ, ಅದನ್ನು ಹಾಕಬೇಡ.

ವೆಂಕೋಬ


ರಾಯಚೂರು
31 ಜನವರಿ 2025

ಕಾಕಾ,

ನಿಮ್ಮ 24ರ ಕಾಗದ ಈಗ ಕೈಸೇರಿತು. ಅವತ್ತಿನ ಡ್ರೈವರ್ ಬದಲಿಯವರಂತೆ. ಕವರನ್ನು ತಲೆಯ ಮೇಲಿನ ಡಬ್ಬಿಗೆ ಹಾಕಿ ಮರೆತರು, ಆ ಬಸ್ಸನ್ನು ಬೇರೆ ಊರಿಗೆ ಕಳಿಸಿದರು. ವಾರವಿಡೀ ಊರು ಸುತ್ತಿ ಬಂದಿದೆ.

ಸಂಚಿಕೆ ನಿನ್ನೆಯೇ ಹೊರಬಂತು. ನನ್ನ ಪುಟ ಎಲ್ಲರಿಗೂ ಹಿಡಿಸಿತು, ಬೆಳಿಗ್ಗೆಯಿಂದ ಫೋನುಗಳು. ಎಲ್ಲರೂ ಹೊಗಳುವುದು ಅದೇ ತಲೆಬರಹವನ್ನು. ‘ಬಸ್ ಬರಲಿಲ್ಲ, ಸುದ್ದಿ ಬಂತು!’

ನಾನು ಫೋನು ಎತ್ತುವುದನ್ನೇ ಬಿಟ್ಟಿದ್ದೇನೆ. ನೀವು ಹೇಳಿದಷ್ಟೇ ಹಾಕು ಎಂದು ಸಾಹೇಬರು ಮೊದಲೇ ಹೇಳಿದ್ದರು. ಸಾರಿಗೆಯವರು ಅದನ್ನು ನೋಡದೆಯೂ ಇರಬಹುದು, ಅಲ್ಲವೇ? ಏನಾದರೂ ತಿಳಿದರೆ ಬರೆಯಿರಿ.

ಮೇಘಾ


ದೇವದುರ್ಗ
5 ಫೆಬ್ರುವರಿ 2025

ಮೇಘಾ,

ನೋಡಿದ್ದಾರೆ. ಸೋಮವಾರದಿಂದ ಬಸ್ ಇಲ್ಲ. ಕೇಳಲು ಹೋದವರಿಗೆ ನಿನ್ನ ಪುಟ ತೋರಿಸಿ, “ನಿಮ್ಮ ಪೇಪರ ಹೇಳ್ಯದಲ್ಲ, ಬಸ್ ಚಾಲೂನ ಆಗಿಲ್ಲ ಅಂತ” ಎಂದರಂತೆ.

ಹುಡುಗಿಯರು ಮೆಣಸಿನಕಾಯಿ ಚೀಲ ತುಂಬಿದ ಗೂಡ್ಸ್ ಆಟೋದ ಹಿಂದೆ ನಿಂತು ಹೋಗುತ್ತಿದ್ದಾರೆ, ಕಣ್ಣು ಉರಿಸಿಕೊಂಡು ಕ್ಲಾಸಿನಲ್ಲಿ ಕೂರುತ್ತಾರೆ. ಇಬ್ಬರ ಮನೆಯಲ್ಲಿ “ಸಾಕು ಬಿಡು ಓದಿದ್ದು, ಕಾಯಿ ಬಿಡಸಾಕ ಬಾ” ಅಂದಿದ್ದಾರೆ. ರಾಧಾಳನ್ನು ದುರುಗಮ್ಮ ಬಿಡಿಸುವುದಿಲ್ಲ, ಆದರೆ ಪರೀಕ್ಷೆಯ ದಿನ ಆಟೋ ಸಿಗುತ್ತದೆಂದು ಯಾರು ಹೇಳಬೇಕು?

ನೀನು ಬರೆದದ್ದು ನಿಜ, ನಾನು ಬರೆದದ್ದು ಸುಳ್ಳು. ನಿಜಕ್ಕೆ ನಾನೇನು ಅನ್ನಲಿ. ಬರೆದದ್ದರ ಹಿಂದೆ ಬರೆದವರೂ ಒಂದು ಸಲ ಆ ಊರಿಗೆ ಹೋಗಿ ನೋಡಬೇಕು. ಅಷ್ಟೇ.

ವೆಂಕೋಬ


ರಾಯಚೂರು
17 ಫೆಬ್ರುವರಿ 2025

ಕಾಕಾ,

ಇಷ್ಟು ದಿನ ಬರೆಯದಿದ್ದಕ್ಕೆ ಸಿಟ್ಟು ಬೇಡ. ನೀವು ಕಡೆಗೆ ಬರೆದ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ರಜೆ ಹಾಕಿ ಮುಳ್ಳಗಲ್‌ಗೆ ಹೋಗಿದ್ದೆ, ಅದೇ ಗೂಡ್ಸ್ ಆಟೋದಲ್ಲಿ. ನನ್ನ ಕಣ್ಣೂ ಉರಿದವು.

ದುರುಗಮ್ಮನವರ ಮನೆಯ ಗೋಡೆಗೆ ಬುದ್ಧ, ಅವನ ಪಕ್ಕದಲ್ಲಿ ಹುಲಿಗೆಮ್ಮ. ಕೆಳಗೆ ರಾಧಾ ಪುಸ್ತಕ ಹರವಿಕೊಂಡು ಕುಳಿತಿದ್ದಳು. ನಾನು ಯಾರೆಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದನ್ನ ಬರದಾಕಿ ನೀನೇನಾ? ಸಣ್ಣಾಕಿ ಇದ್ದೀಯಲ್ಲ ಬೇ” ಎಂದರು. ಕ್ಷಮೆ ಕೇಳಲು ಬಾಯಿ ತೆರೆದೆ. “ಅದೆಲ್ಲ ಆಮ್ಯಾಲ. ಮದ್ಲ ಉಣ್ಣು. ನಾಳಿ ಆಫೀಸಿಗಿ ಹೋಗೂದದ” ಎಂದು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟರು.

ಮಾರನೇ ದಿನ ಸಾರಿಗೆ ಕಚೇರಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಗುಮಾಸ್ತರು ನಮ್ಮನ್ನು ನೋಡಿದವರೇ, “ಬಸ್ ನಾವು ನಿಲ್ಲಿಸಿಲ್ಲಮ್ಮ. ಫೈಲಿನ್ಯಾಗ ಇರದ ಬಸ್ಸು ಬರಾಕತ್ತಿಲ್ಲ, ಅಷ್ಟ” ಎಂದರು.

“ಹಂಗಾದ್ರ ಇಷ್ಟ ವರ್ಷ ನಾ ಯಾತರಾಗ ಕುಂತು ಹೋಗೀನಿ? ಗಾಳ್ಯಾಗೇನು?”

“ಅದು ನಮಗ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಬಿಡ್ರಿ. ಈಗ ನಿಲ್ಲಿಸೀವಿ ಅಂತ ಒಂದು ಹಾಳಿ ಮ್ಯಾಲ ಬರದು, ಸಿಕ್ಕಾ ಹೊಡದು ಕೊಡ್ರಿ. ಪೇಪರಿಗಿ ಹಾಕ್ಸಾಕ ಈ ಹುಡುಗೀನ ಕರ್ಕೊಂಡ ಬಂದೀನಿ.”

ಹೊಸದಾಗಿ ಬಂದ ಅಧಿಕಾರಿ ಹಸೀನಾ ಬೇಗಂ ಒಳಗಿನಿಂದ ಕೇಳಿಸಿಕೊಂಡು, “ಕೇಳಿದ್ದು ಸರಿ ಅದ, ಕೊಡ್ರಿ ಅವರಿಗಿ” ಎಂದರು. ಗುಮಾಸ್ತರು ಕಂಪ್ಯೂಟರಿಗೆ ತಿರುಗಿದರು. ‘ವಿಷಯ: ಮುಳ್ಳಗಲ್ ಮಾರ್ಗದ ಬಸ್ ಸಂಚಾರ ಸ್ಥಗಿತಗೊಳಿಸುವ ಕುರಿತು’ ಎಂದು ಲಟಲಟನೆ ಹೊಡೆದರು. ಮುಂದಿನ ಸಾಲಿಗೆ ‘ಉಲ್ಲೇಖ’ ಎಂದು ಹೊಡೆದು ಕೈ ನಿಲ್ಲಿಸಿದರು. ತಲೆ ಕೆರೆದುಕೊಂಡರು.

“ಯಾಕ ನಿಂತ್ರಿ?” ಎಂದರು ಮೇಡಂ.

“ಚಾಲೂ ಮಾಡಿದ ಆರ್ಡರಿನ ನಂಬರ್ ಹಾಕಬೇಕ್ರೀ ಇಲ್ಲಿ. ಅದಿಲ್ಲದ ನಿಲ್ಲಸೂ ಆರ್ಡರ್ ಆಗೂದಿಲ್ಲ.”

“ಹಂಗಾದ್ರ ಮದ್ಲ ಚಾಲೂ ಮಾಡೂ ಆರ್ಡರ್ ಮಾಡ್ರಿ.”

“ಮಾಡಿ, ಆಮ್ಯಾಲ ನಿಲ್ಲಸೂದೇನ್ರೀ?”

ಮೇಡಂಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ಗುಮಾಸ್ತರೂ ನಕ್ಕರು, ದುರುಗಮ್ಮ ಮಾತ್ರ ನಗಲಿಲ್ಲ. “ನಗೂದು ಮುಗದ ಮ್ಯಾಲ ಹೇಳ್ರಿ” ಎಂದು ಅಲ್ಲೇ ಕುಳಿತರು. ಮೇಡಂ ಟಿಕೇಟ್ ಯಂತ್ರದ ವರದಿ ತರಿಸಿದರು. ಹೆಂಗಸರಿಗೆ ಕೊಟ್ಟ ಸೊನ್ನೆ ಟಿಕೇಟುಗಳೇ ಉದ್ದಕ್ಕೆ ಇಳಿದಿದ್ದವು. “ಇಷ್ಟ ಮಂದಿ ಹತ್ತೂ ಬಸ್ಸು. ಒಮ್ಮಿ ಕಾಯ್ದೇಶೀರ ಚಾಲೂ ಮಾಡಿದ್ರ ನಿಲ್ಲಸಾಕ ಕಾರಣ ಎಲ್ಲಿಂದ ತರ್ಲಿ?” ಎಂದು ಕಡತವನ್ನು ತಾವೇ ಎಳೆದುಕೊಂಡರು. ಮೇಲಿನವರ ಸಹಿ ಬೇಕು, ಪರೀಕ್ಷೆಗೆ ಮುಂಚೆ ಮಾಡಿಸುತ್ತೇನೆ ಎಂದಿದ್ದಾರೆ.

ಕಾಕಾ, ನಾನು ನಿಜ ಬರೆದೆ ಎಂದು ಬೀಗಿದ್ದೆ. ಅರ್ಧ ಮಾತ್ರ ಬರೆದಿದ್ದೆ. ಇನ್ನರ್ಧ ದುರುಗಮ್ಮನವರ ಹತ್ತಿರ ಇತ್ತು.

ಮೇಘಾ


ದೇವದುರ್ಗ
22 ಫೆಬ್ರುವರಿ 2025

ಯವ್ವಾ ಮೇಘಾ,

ನಿನ್ನ ಕಾಗದವನ್ನು ಮಗಳಿಗೆ ಓದಿಸಿದೆ, ಪಕ್ಕದ ಮನೆಯವರಿಗೂ ಓದಿಸಿದೆ. ನಾನು ಕುಲಾವಿ ಹೊಲಿದೆ, ನೀನು ಹರಿದೆ, ಕೂಸು ಈಗ ಹುಟ್ಟುತ್ತಿದೆ. ಹಿಂದಿನ ಕಾಗದದಲ್ಲಿ ಬಿರುಸಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದೇಶ ಆಗಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಈಗ ಉದ್ಘಾಟನೆ ಮಾಡಿಯೇ ಬಸ್ ಬಿಡುವುದಂತೆ. ಮಾರ್ಚ್ ಒಂದು, ಶನಿವಾರ, ಬೆಳಿಗ್ಗೆ ಎಂಟಕ್ಕೆ. ಆಮಂತ್ರಣದಲ್ಲಿ ಅತಿಥಿಗಳ ಹೆಸರು ಬಸ್ಸಿನ ಸೀಟುಗಳಿಗಿಂತ ಹೆಚ್ಚಿವೆ. ಅದೇ ದಿನ ಹತ್ತಕ್ಕೆ ಮಕ್ಕಳ ಮೊದಲ ಪರೀಕ್ಷೆ. ಎಂಟು ಅಂದರೆ ಎಷ್ಟು ಎಂದು ನನಗೆ ಗೊತ್ತು. ನಾನು ಹೋಗುತ್ತೇನೆ. ನೀನು ಬರುತ್ತೀಯಾ?

ವೆಂಕೋಬ


ರಾಯಚೂರು
25 ಫೆಬ್ರುವರಿ 2025

ವೆಂಕೋಬ ಕಾಕಾ,

ರಜೆ ಸಿಗಲಿಲ್ಲ. ಆದರೆ ಸಮೀಉಲ್ಲಾ ಸಾಹೇಬರು ಹೇಳಿ ಕಳಿಸಿದ್ದಾರೆ: ಆ ದಿನಕ್ಕೆ ‘ನಡುಹೊಳೆ’ಯ ಬಾತ್ಮಿದಾರರು ನೀವೇ. ಪುಟ ಕಟ್ಟುವುದು ಈಗ ರಾತ್ರಿಗೆ, ಆತುರ ಏನೂ ಇಲ್ಲ. ಬಸ್ ಹೊರಟ ಮೇಲೆಯೇ ಬರೆಯಿರಿ. ಹಿಂದಿನ ದಿನವೇ ಬರೆದು ಬಸ್ಸಿಗೆ ಹಾಕಿದರೆ ನಾನು ಅಚ್ಚಿಗೆ ಹಾಕುವುದಿಲ್ಲ!

ಮೇಘಾ


ಮುಳ್ಳಗಲ್
1 ಮಾರ್ಚ್ 2025

ಯವ್ವಾ ಮೇಘಾ,

ದುರುಗಮ್ಮನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಎಲ್ಲ ನಡೆದ ಮೇಲೆಯೇ.

ಬೆಳಿಗ್ಗೆ ಬಸ್ ಬಂತು. ಬಾಳೆಕಂದು, ಮಾವಿನೆಲೆ, ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್. ರಿಬ್ಬನ್ ಕಾಯಲು ಕಚೇರಿಯವನೊಬ್ಬ. “ಸಾಹೇಬ್ರು ಕತ್ತರಸೂ ತನಕ ಯಾರೂ ಹತ್ತಂಗಿಲ್ಲ” ಎಂದ. ಹುಡುಗಿಯರು ಹಾಲ್ ಟಿಕೇಟ್ ಹಿಡಿದು ಬಿಸಿಲಲ್ಲಿ ನಿಂತರು. ಎಂಟಾಯಿತು, ಎಂಟೂಕಾಲಾಯಿತು. ಫೋನು ಮಾಡಿದರೆ “ಹೊಂಟಾರ, ಹೊಂಟಾರ” ಎಂಬ ಉತ್ತರ. ಪದ್ಯ ಹೇಳಿಕೊಳ್ಳುತ್ತಿದ್ದ ರಾಧಾ ನಡುವೆ ಮರೆತು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಡ್ರೈವರ್ ಹುಲಿಗೇಶ ಸ್ಟೇರಿಂಗ್ ಮೇಲೆ ಕೈಯಿಟ್ಟು ನನ್ನನ್ನು ನೋಡಿದ. ನಾನು ದುರುಗಮ್ಮನನ್ನು ನೋಡಿದೆ.

ದುರುಗಮ್ಮ ಎದ್ದಳು. ಕತ್ತರಿ ಮುಟ್ಟಲಿಲ್ಲ. ರಿಬ್ಬನ್ನಿನ ಎರಡೂ ಕಡೆಯ ಗಂಟು ಬಿಚ್ಚಿದಳು, ಕಾಯುವವನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ರಾಧಾಳ ಜಡೆಗೆ ಸುತ್ತಿ ಹೂವಿನ ಹಾಗೆ ಕಟ್ಟಿ, “ಹತ್ತು” ಎಂದಳು. ಉಳಿದವರೂ ಹತ್ತಿದರು. ಓದು ಬಿಡಿಸಬೇಕೆಂದಿದ್ದರಲ್ಲ, ಆ ಇಬ್ಬರೂ ಇದ್ದರು.

“ಹುಲಿಗೇಶಾ, ನಡಸಪಾ. ಯಾರರ ಕೇಳಿದ್ರ ದುರುಗಮ್ಮ ಅಂದ್ಲು ಅನ್ನು.”

ಬಸ್ ಹೊರಟಿತು. ಮೇಘಾ, ನನಗೆ ಅಳು ಬಂತು. ಈ ಊರಿಗೆ ಬಸ್ ಬಂತೆಂದು ಬರೆದವನು ನಾನು, ಅದನ್ನು ಹತ್ತಿ ಹೋಗುವವರ ಮುಖ ನೋಡಿದ್ದು ಇವತ್ತೇ.

ಅತಿಥಿಗಳು ಬಂದಾಗ ಒಂಬತ್ತು ದಾಟಿತ್ತು. ಶಾಮಿಯಾನ ಇತ್ತು, ಹಾರ ಇದ್ದವು, ಬಸ್ಸು ಇರಲಿಲ್ಲ. ದೊಡ್ಡವರೊಬ್ಬರ ಮೂಗಿನ ತುದಿ ಕೆಂಪಾಯಿತು. ಹಸೀನಾ ಬೇಗಂ ಮಾತ್ರ, “ಹುಡುಗ್ಯಾರು ಟೈಮಿಗಿ ಮುಟ್ಟತಾರಿಲ್ರೀ?” ಎಂದು ಕೇಳಿ, ಹುಲಿಗೇಶನಿಗೆ ಫೋನು ಹಚ್ಚಿಸಿ, ಮಾನ್ವಿ ಸಮೀಪ ಬಂತೆಂದು ತಿಳಿದ ಮೇಲೆ ನೆಮ್ಮದಿಯಾಗಿ ಕುಳಿತು ಚಹಾ ಕುಡಿದರು. ಬಾವುಟ ತಂದಿದ್ದಾರೆ, ತೋರಿಸದೆ ಹೋಗುವುದು ಹೇಗೆ? ಕೊನೆಗೆ ದೊಡ್ಡವರು ಬರಿದಾದ ರಸ್ತೆಗೆ ಹಸಿರು ಬಾವುಟ ಬೀಸಿದರು. ಆಚೆಯಿಂದ ಒಂದು ಎಮ್ಮೆ ಬರುತ್ತಿತ್ತು, ಫೋಟೊದಲ್ಲಿ ಅದೂ ಬಿದ್ದಿದೆ. ಕಳಿಸಿದ್ದೇನೆ.

ಸಂಜೆ ರಾಧಾ ಇಳಿದಳು. ಪೇಪರ್ ಹೇಗಿತ್ತು ಎಂದರೆ, “ಪದ್ಯ ಪೂರಾ ಬರದೀನಿ ತಾತಾ” ಎಂದು ಮನೆಯೊಳಗೆ ಓಡಿದಳು. ಸೋಮವಾರದ ಪರೀಕ್ಷೆಗೆ ಓದಬೇಕಂತೆ.

ಸುದ್ದಿ ಬರೆಯಲು ಕುಳಿತು, ‘ಮುಳ್ಳಗಲ್ ಬಸ್ ಸಂಚಾರ ಆರಂಭ’ ಎಂದು ದುರುಗಮ್ಮನಿಗೆ ಓದಿ ಹೇಳಿದೆ. ಅವಳು ತಲೆಯಾಡಿಸಿದಳು. “ಚಾಲೂ ಆತು ಅಂತ ಹಿಂದನ ಬರದೀಯಲ್ಲಪಾ. ಸೋಮವಾರನೂ ಬರತದ ಅಂತ ಬರಿ” ಎಂದಳು.

ನಾನು ಹೋಗಿ ಹುಲಿಗೇಶನನ್ನು ಕೇಳಿದೆ. ಅವನು ಗಾಜು ಒರೆಸುತ್ತಿದ್ದ. “ಬರ್ತೀನ್ರೀ, ಬರದ ಏನ್ ಮಾಡ್ಲಿ” ಎಂದ. ಹಾಗೇ ಬರೆದಿದ್ದೇನೆ, ಹಾಗೇ ಹಾಕು.

ನಿನ್ನ ಕಾಕಾ,
ವೆಂಕೋಬ